ಚಿತ್ರಕಾರನ ಎರಡು ಗೋಡೆಗಳು



ಚಿತ್ರಪ್ರದರ್ಶನಗಳು ನಮ್ಮಲ್ಲಿ ಬಹುಮಟ್ಟಿಗೆ ಎರಡು ವಿಧವಾಗಿರುವುದನ್ನು ತಾವೆಲ್ಲರೂ ಬಲ್ಲಿರಿ. ಚಿತ್ರಕಾರನೊಬ್ಬನು ತಾನು ಬರೆದ ಚಿತ್ರಗಳನ್ನು ಸಾಲಾಗಿ ತೂಗುಹಾಕಿ ರಸಿಕರನ್ನು ಕರೆಯುವುದು ಒಂದು ವಿಧ. ಹಿಂದಿನವರು ಬರೆದ ಚಿತ್ರಗಳನ್ನು ಸರ್ಕಾರವಾಗಲಿ, ಅರಮನೆಯಾಗಲಿ, ವಿದ್ಯಾಪೀಠವಾಗಲಿ ಶೇಖರಿಸಿ, ಕಾಪಾಡಿ, ತೋರಿಸುವುದು ಇನ್ನೊಂದು ವಿಧ. ಮೊದಲನೆಯದರಲ್ಲಿ ಚಿತ್ರಕಾರನು ಕಾಣುತ್ತಾನೆ, ಅವನ ಗುರುಪರಂಪರೆ ಕಾಣುವುದಿಲ್ಲ. ಎರಡನೆಯದರಲ್ಲಿ ಪರಂಪರೆ ಕಾಣುತ್ತದೆ, ಅದರಿಂದ ಇಂದಿನವರು ಏನನ್ನು ಕಲಿತರೆಂಬುದು ಕಾಣುವುದಿಲ್ಲ. ಇವೆರಡನ್ನೂ ಒಂದೇ ಮಾಡಿನ ಕೆಳಗೆ ತರುವ ಮೂರನೆಯ ವಿಧವೊಂದುಂಟು. ಚಿತ್ರಕಾರನು ಒಂದು ಗೋಡೆಗೆ ತನ್ನ ಚಿತ್ರಗಳನ್ನೂ, ಎದುರು ಗೋಡೆಗೆ ತಾನು ಆಯುಷ್ಯವೆಲ್ಲ ಕೂಡಿಸಿಟ್ಟ ಪರರ ಚಿತ್ರಗಳನ್ನೂ ಹಾಕಿ ತೋರಿಸುವುದೇ ಆ ವಿಧ. ಇದು ಅಪರೂಪ. ಅಪರೂಪವಾದುದರಿಂದಲೇ ಇಂದು ಇದರ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಪುಸ್ತಕಗಳಿಂದಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ತಪ್ಪಿನಿಂದ. ಅದನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುವುದು ನ್ಯಾಯ.

ನಮ್ಮ ಹಿರಿಯರ ಮನೆ ಹೊಳೆನರಸೀಪುರದಲ್ಲಿತ್ತು. ಹೇಮಾವತಿಗೆ ಇಳಿಯುವ ಬೀದಿಯಲ್ಲಿ, ತೊಟ್ಟಿಯ ಮನೆ. ದೇವರ ಮನೆಯ ಗೋಡೆಯ ಮೇಲೆ ಶ್ರೀರಾಮ ಪಟ್ಟಾಭಿಷೇಕದ ದೊಡ್ಡದೊಂದು ಪಟ ತೂಗುತ್ತಿತ್ತು. ಅದು ಅಚ್ಚಿನ ಚಿತ್ರವಲ್ಲ, ಕೈಯಲ್ಲಿ ಬರೆದುದು, ಮೈಸೂರು ಸಂಪ್ರದಾಯದ್ದು. ಬರೆದವರು ಯಾರು, ಯಾವಾಗ ಬಂದಿತು ಎಂಬುದನ್ನು ಮನೆಯಲ್ಲಿ ಯಾರೂ ಅರಿಯರು. ಎಡಗಡೆಯ ಕೆಳಮೂಲೆಯಲ್ಲಿ ಗಾಜು ಸೀಳಿತ್ತು. ನಮ್ಮ ಅಜ್ಜಿಯವರು ದಿನವೂ ಇಡುತ್ತಿದ್ದ ಕುಂಕುಮ ಆ ಸೀಳಿನಲ್ಲಿ ಇಳಿದು, ಕೈಮುಗಿದು ಕುಳಿತ ಹನುಮಂತನ ಮೊಣಕಾಲು ಕೆಂಪಾಗಿಹೋಗಿತ್ತು. ಬಾಲ್ಯದಲ್ಲಿ ನಾವು ಅದನ್ನು ಹನುಮಂತನಿಗೆ ಲಂಕೆಯಲ್ಲಿ ಆದ ಗಾಯವೆಂದೇ ತಿಳಿದಿದ್ದೆವು.

ಅಜ್ಜಿಯವರು ತೀರಿಕೊಂಡ ಬಳಿಕ ಮನೆ ಪಾಲಾಯಿತು. ತೊಟ್ಟಿಯನ್ನು ಕೆಡವಿ ತಾರಸಿ ಹಾಕಿಸಿದರು. ಹಿತ್ತಾಳೆ, ತಾಮ್ರಗಳನ್ನು ತೂಕಕ್ಕೆ ಹಾಕಿದ ದಿನ ಆ ಪಟವೂ ಹೊರಟಿತು. ಬೀದಿಯಲ್ಲಿ ಬಂದ ಪಾತ್ರೆಯ ವ್ಯಾಪಾರಿಯೊಬ್ಬನು ಅದಕ್ಕೆ ಬದಲಾಗಿ ಎರಡು ಸ್ಟೀಲಿನ ಡಬ್ಬಿಗಳನ್ನು ಕೊಟ್ಟುಹೋದನು. ಗೆದ್ದಲು ಹಿಡಿಯುವುದಕ್ಕೆ ಮುಂಚೆ ಹೋದುದೇ ಒಳ್ಳೆಯದಾಯಿತೆಂದು ಹಿರಿಯರು ಹೇಳಿದರು. ನಾವು ಆಗ ಹುಡುಗರು. ಡಬ್ಬಿಯಲ್ಲಿ ಮುಖ ಕಾಣುತ್ತದೆಂದು ನಲಿದೆವು. ಯಾರನ್ನೂ ದೂರುವ ಹಕ್ಕು ನಮಗಿಲ್ಲ.

ಅನೇಕ ವರ್ಷಗಳು ಕಳೆದವು. ಕೆಲವು ಕಾಲದ ಹಿಂದೆ ಕಾರ್ಯಾರ್ಥವಾಗಿ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ, ಒಂದು ಶಾಲೆಯ ಹಜಾರದಲ್ಲಿ ಚಿತ್ರಪ್ರದರ್ಶನವಿದೆಯೆಂದು ತಿಳಿದು ಒಳಹೊಕ್ಕೆವು. ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಅದನ್ನು ಏರ್ಪಡಿಸಿದ್ದರು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸಿದವರು. ಅವರ ಹೆಸರನ್ನು ಹೇಳಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಬಲಗಡೆಯ ಗೋಡೆಯಲ್ಲಿ ಅವರ ಸ್ವಂತ ನೀರುಬಣ್ಣದ ಚಿತ್ರಗಳಿದ್ದವು: ರಾಮನಾಥಪುರದಲ್ಲಿ ಕಾವೇರಿಯ ಸೋಪಾನಗಳು, ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಬ್ಯಾರನ್ನುಗಳು, ಹಾಸನದ ಸುತ್ತಣ ಆಲೂಗೆಡ್ಡೆಯ ಹೊಲಗಳು, ಚನ್ನರಾಯಪಟ್ಟಣದ ತೆಂಗಿನ ತೋಟಗಳು. ಎಡಗಡೆಯ ಗೋಡೆಯಲ್ಲಿ ಅವರು ಕೂಡಿಸಿದ್ದ ಹಳೆಯ ಚಿತ್ರಗಳಿದ್ದವು. ಅವುಗಳ ನಡುವೆ ನಮ್ಮ ಪಟ್ಟಾಭಿಷೇಕವಿತ್ತು. ಹನುಮಂತನ ಮೊಣಕಾಲು ಇನ್ನೂ ಕೆಂಪಾಗಿಯೇ ಇತ್ತು. ಕೆಳಗೆ ಒಂದು ಚೀಟಿಯಲ್ಲಿ, ಹೊಳೆನರಸೀಪುರದ ಒಂದು ಮನೆಯಿಂದ ಬಂದದ್ದು, ಪಾತ್ರೆ ವ್ಯಾಪಾರಿಯಿಂದ ಕೊಂಡದ್ದು ಎಂದು ದುಂಡಕ್ಷರದಲ್ಲಿ ಬರೆದಿತ್ತು.

ನಮ್ಮ ಪರಿಚಯ ಹೇಳಿಕೊಂಡು, ಬೆಲೆಯೆಷ್ಟಾದರೂ ಕೊಡುತ್ತೇವೆ, ಅದನ್ನು ನಮಗೆ ಹಿಂದಕ್ಕೆ ಕೊಡಬೇಕು ಎಂದು ಕೇಳಿದೆವು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. “ನಿಮ್ಮ ಮನೆಯದೇ ಆದರೆ ತೆಗೆದುಕೊಂಡು ಹೋಗಿ ಸ್ವಾಮಿ, ಬೆಲೆ ಬೇಡ. ಆದರೆ ಒಂದು ಮಾತು. ಈ ಕಡೆ ಬನ್ನಿ,” ಎಂದು ನಮ್ಮನ್ನು ಬಲಗಡೆಯ ಗೋಡೆಗೆ ಕರೆದುಕೊಂಡುಹೋಗಿ ತಮ್ಮ ಚಿತ್ರವೊಂದರ ಮುಂದೆ ನಿಲ್ಲಿಸಿದರು. ಹೇಮಾವತಿಯ ದಡದಲ್ಲಿ ಬಟ್ಟೆ ಒಗೆದು ಹಿಂಡುತ್ತಿರುವ ಹೆಂಗಸರ ಚಿತ್ರ ಅದು. ಹಿಂಡಿದ ಸೀರೆಯ ಮಡಿಕೆಗಳನ್ನು ತೋರಿಸಿ, “ಈ ಗೆರೆ ನನಗೆ ಎಲ್ಲಿಂದ ಬಂತು ಅಂತೀರಿ? ನಿಮ್ಮ ರಾಮದೇವರ ಪೀತಾಂಬರದಿಂದ. ಎಂಟು ತಿಂಗಳು ಅದನ್ನೇ ಕಾಪಿ ಮಾಡಿದ್ದೇನೆ,” ಎಂದರು. ನಾವು ಎರಡು ಗೋಡೆಗಳ ನಡುವೆ ನಾಲ್ಕಾರು ಸಲ ನಡೆದಾಡಿ ನೋಡಿದೆವು. ಮಾತು ನಿಜವಾಗಿತ್ತು. ಸೊಂಟದಿಂದ ಮೊಣಕಾಲಿನವರೆಗೆ ಕುಂಚವನ್ನೆತ್ತದೆ ಇಳಿದ ಆ ಒಂದೇ ರೇಖೆ ಎರಡೂ ಕಡೆ ಇತ್ತು. ಆ ಪಟ ನಮ್ಮ ಮನೆಯಲ್ಲಿ ಎಷ್ಟೋ ಕಾಲ ತೂಗಿದರೂ ಅದರಿಂದ ಯಾರೂ ಒಂದು ಗೆರೆಯನ್ನು ಕಲಿತಿರಲಿಲ್ಲ. ನಾವು ಪಟವನ್ನು ಅಲ್ಲಿಯೇ ಬಿಟ್ಟು ಬಂದೆವು.

ಹೀಗೆ ಎರಡು ಗೋಡೆಗಳ ಪ್ರದರ್ಶನದ ಮೊದಲನೆಯ ಪ್ರಯೋಜನ ನಮಗೆ ತಿಳಿಯಿತು: ಅದು ಋಣವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ಒಂದು ಕ್ರಮ. ಸಂಗೀತಗಾರನು ತನ್ನ ಗುರುವಿನ ಹೆಸರನ್ನು ಕಚೇರಿಯಲ್ಲಿ ಹೇಳುತ್ತಾನೆ. ಕವಿಯು ಪೂರ್ವಕವಿಗಳನ್ನು ಗ್ರಂಥಾರಂಭದಲ್ಲಿ ಸ್ಮರಿಸುತ್ತಾನೆ. ಚಿತ್ರಕಾರನಿಗೆ ಅಂಥ ಪೂರ್ವಕವಿಸ್ಮರಣೆಗೆ ಅವಕಾಶವೆಲ್ಲಿ? ಆತನ ಸಂಗ್ರಹವೇ ಆ ಸ್ಮರಣೆ. ಅದನ್ನು ಮನೆಯೊಳಗೆ ಬಚ್ಚಿಟ್ಟು ತನ್ನ ಚಿತ್ರಗಳನ್ನು ಮಾತ್ರ ಹೊರಕ್ಕೆ ತಂದರೆ, ಗುರುವನ್ನು ನಡುಮನೆಯಲ್ಲಿ ಕೂರಿಸಿ ಶಿಷ್ಯನೊಬ್ಬನೇ ಸಭೆಗೆ ಬಂದಂತಾಗುತ್ತದೆ.

ಈ ಅಭ್ಯಾಸ ಹೊಸದಲ್ಲ. ಹಾಲೆಂಡಿನ ಪ್ರಸಿದ್ಧ ಚಿತ್ರಕಾರನಾದ ರೆಂಬ್ರಾಂಟನು ಆಂಸ್ಟರ್‌ಡಾಮ್ ನಗರದ ತನ್ನ ಮನೆಯ ತುಂಬ ಇತರರ ಚಿತ್ರಗಳನ್ನೂ, ಅಚ್ಚಿನ ಪಟಗಳನ್ನೂ, ಪ್ರತಿಮೆಗಳನ್ನೂ, ಆಯುಧಗಳನ್ನೂ, ಕಡಲ ಚಿಪ್ಪುಗಳನ್ನೂ ಕೂಡಿಹಾಕಿದ್ದನು. ೧೬೫೬ರಲ್ಲಿ ಆತನು ಸಾಲಕ್ಕೆ ಸಿಕ್ಕಿ ದಿವಾಳಿಯಾದಾಗ ನ್ಯಾಯಾಧಿಕಾರಿಗಳು ಕೋಣೆ ಕೋಣೆಗೂ ಹೋಗಿ ಪಟ್ಟಿ ಬರೆದರು. ಆ ಪಟ್ಟಿಯಲ್ಲಿ ೩೬೩ ಬಾಬುಗಳಿವೆ. ರೆಂಬ್ರಾಂಟನ ಸ್ವಂತ ಚಿತ್ರಗಳೂ ಆತನು ಕೂಡಿಸಿದ ಪರರ ಚಿತ್ರಗಳೂ ಒಂದೇ ಕೋಣೆಯಲ್ಲಿ ತೂಗುತ್ತಿದ್ದುದು ಅದರಿಂದ ಗೊತ್ತಾಗುತ್ತದೆ. ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಸಂಗತಿಯೂ ಇಲ್ಲಿ ಉಂಟು. ಮೊಗಲರ ಕಾಲದ ಚಿತ್ರಗಳನ್ನು ನೋಡಿ ಆತನು ಬರೆದ ಸುಮಾರು ೨೫ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲೊಂದರಲ್ಲಿ ನಾಲ್ವರು ಹಿರಿಯರು ಮರದ ಕೆಳಗೆ ಕುಳಿತಿದ್ದಾರೆ. ಅದೇ ಕುಳಿತ ಭಂಗಿಯನ್ನು ಆತನು ೧೬೫೬ರಲ್ಲಿ, ಅಬ್ರಹಾಮನು ದೇವದೂತರಿಗೆ ಆತಿಥ್ಯ ಮಾಡಿದ ಬೈಬಲ್ಲಿನ ಕಥೆಯನ್ನು ತಾಮ್ರದ ತಗಡಿನಲ್ಲಿ ಕೊರೆಯುವಾಗ ಬಳಸಿಕೊಂಡನು. ಹಿಂದೂಸ್ಥಾನದ ಹೆಸರಿಲ್ಲದ ಚಿತ್ರಕಾರನೊಬ್ಬನು ಸಮುದ್ರದಾಚೆ ರೆಂಬ್ರಾಂಟನಿಗೆ ಗುರುವಾದುದು ಹೀಗೆ.

ಫ್ರಾನ್ಸಿನ ಡೆಗಾ ಎಂಬ ಚಿತ್ರಕಾರನ ಚರಿತ್ರೆಯೂ ಇಂಥದೇ. ಆತನು ತನಗಿಂತ ಹಿಂದಿನ ಆಂಗ್ರ್, ದಲಾಕ್ರ್ವಾ ಎಂಬವರ ಕೃತಿಗಳನ್ನೂ, ತನ್ನ ಕಾಲದ ಮಾನೆ, ಸೆಜಾನ್, ಗೋಗ್ಯಾನರ ಕೃತಿಗಳನ್ನೂ ಆಸೆಯಿಂದ ಕೊಂಡನು. ಮಾನೆಯು ಬರೆದಿದ್ದ ದೊಡ್ಡದೊಂದು ಚಿತ್ರ ತುಂಡು ತುಂಡಾಗಿ ಬೇರೆ ಬೇರೆ ಕಡೆ ಹೋಗಿರಲು, ಡೆಗಾ ಆ ತುಂಡುಗಳನ್ನು ಹುಡುಕಿ ತಂದು ಒಟ್ಟುಗೂಡಿಸಿದನು. ಎಲ್ಲವನ್ನೂ ಸೇರಿಸಿ ಒಂದು ಸಂಗ್ರಹಾಲಯ ಮಾಡುವ ಯೋಚನೆಯಿತ್ತು, ಅದು ನೆರವೇರಲಿಲ್ಲ. ೧೯೧೭ರಲ್ಲಿ ಆತನು ತೀರಿಕೊಂಡನು. ಮರುವರ್ಷದ ಮಾರ್ಚಿ ತಿಂಗಳಿನಲ್ಲಿ, ಪ್ಯಾರಿಸಿನ ಮೇಲೆ ಶತ್ರುಗಳ ಗುಂಡು ಬೀಳುತ್ತಿದ್ದಾಗಲೇ, ಸಂಗ್ರಹವೆಲ್ಲ ಹರಾಜಾಯಿತು. ಅರ್ಥಶಾಸ್ತ್ರಜ್ಞ ಕೇನ್ಸನು ಸರ್ಕಾರದಿಂದ ಹಣ ಒದಗಿಸಿಕೊಟ್ಟುದರಿಂದ ಲಂಡನ್ನಿನ ನ್ಯಾಷನಲ್ ಗ್ಯಾಲರಿಯು ಕೆಲವನ್ನು ಕೊಂಡಿತು. ಡೆಗಾ ಜೋಡಿಸಿದ್ದ ಮಾನೆಯ ತುಂಡುಗಳೂ ಅವುಗಳಲ್ಲಿ ಸೇರಿದ್ದವು. ಅದೇ ಗ್ಯಾಲರಿಯು ೨೦೧೬ರಲ್ಲಿ, ಚಿತ್ರಕಾರರು ತಮಗಾಗಿ ಇಟ್ಟುಕೊಂಡಿದ್ದ ಚಿತ್ರಗಳನ್ನು ಅವರವರ ಸ್ವಂತ ಕೃತಿಗಳ ಜೊತೆಯಲ್ಲಿಟ್ಟು ಒಂದು ಪ್ರದರ್ಶನವನ್ನೇ ನಡೆಸಿತು. ೨೦೧೧ರಲ್ಲಿ ತೀರಿಕೊಂಡ ಲೂಸಿಯನ್ ಫ್ರಾಯ್ಡನು ತನ್ನ ಮನೆಯಲ್ಲಿದ್ದ ಕೊರೋನ ಸ್ತ್ರೀಚಿತ್ರವೊಂದನ್ನು ರಾಷ್ಟ್ರಕ್ಕೆ ಬಿಟ್ಟುಹೋದುದು ಅದಕ್ಕೆ ಪ್ರೇರಣೆಯಾಯಿತು. ನಾಟ್ಸಿಗಳಿಂದ ತಪ್ಪಿಸಿಕೊಂಡು ಬಂದ ತನ್ನ ಕುಟುಂಬಕ್ಕೆ ಆಶ್ರಯ ಕೊಟ್ಟ ದೇಶಕ್ಕೆ ಆತನು ಸಲ್ಲಿಸಿದ ಕೃತಜ್ಞತೆ ಅದು.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಗಗನೇಂದ್ರನಾಥ ಮತ್ತು ಅವನೀಂದ್ರನಾಥ ಠಾಕೂರ ಸೋದರರು ಚಿತ್ರ ಬರೆಯುತ್ತಿದ್ದುದಲ್ಲದೆ, ಹಳೆಯ ಭಾರತೀಯ ಚಿತ್ರಗಳ ಬಹು ದೊಡ್ಡ ಸಂಗ್ರಹವನ್ನು ಬೆಳೆಸಿದರು. ಅವನೀಂದ್ರನಾಥರ ಶಿಷ್ಯರಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರೆಂಬುದು ತಮಗೆ ತಿಳಿದೇ ಇದೆ. ಆ ಸಂಗ್ರಹದ ಮುಖ್ಯ ಭಾಗ ಮುಂದೆ ಅಹಮದಾಬಾದಿನ ಕಸ್ತೂರಭಾಯಿ ಲಾಲಭಾಯಿಯವರ ಕೈ ಸೇರಿ, ಇಂದು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರಗಳು ಉಳಿದುವಲ್ಲಾ ಎಂದು ಸಂತೋಷಪಡಬೇಕು. ಅವುಗಳನ್ನು ನೋಡಿ ಬೆಳೆದ ಸೋದರರ ಚಿತ್ರಶಾಲೆಯ ಜೊತೆಯಲ್ಲಿ ಅವು ಉಳಿಯಲಿಲ್ಲವಲ್ಲಾ ಎಂದು ವ್ಯಸನವನ್ನೂ ಪಡಬೇಕು.

ಕರ್ಣಾಟಕದಲ್ಲಿಯೇ ಎರಡು ನಿದರ್ಶನಗಳಿವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದವರು ಅಲ್ಲಿಯ ರೋರಿಕ್ ಚಿತ್ರಶಾಲೆಗಳನ್ನು ನೋಡಿರಬೇಕು. ಸ್ವೆತೊಸ್ಲಾವ್ ರೋರಿಕರು ೧೯೦೪ರಲ್ಲಿ ರಷ್ಯಾದಲ್ಲಿ ಹುಟ್ಟಿ, ನಟಿ ದೇವಿಕಾರಾಣಿಯವರನ್ನು ೧೯೪೫ರಲ್ಲಿ ವಿವಾಹವಾಗಿ, ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲಸಿದವರು. ಅವರ ತಂದೆ ನಿಕೊಲಸ್ ರೋರಿಕರು ಹಿಮಾಲಯದ ಕುಲು ಕಣಿವೆಯಲ್ಲಿದ್ದು, ಪರ್ವತಗಳನ್ನು ಬರೆದು, ೧೯೪೭ರಲ್ಲಿ ತೀರಿಕೊಂಡರು. ಮಗನು ತನ್ನ ಬಳಿಯಿದ್ದ ತಂದೆಯ ಚಿತ್ರಗಳನ್ನೂ ತನ್ನ ಚಿತ್ರಗಳನ್ನೂ ಪರಿಷತ್ತಿಗೆ ಕೊಟ್ಟುದರಿಂದ ಇಂದು ನಾವು ಎರಡನ್ನೂ ಹೋಲಿಸಿ ನೋಡಬಹುದು. ತಂದೆಯ ಪರ್ವತಗಳಲ್ಲಿ ನೀಲಿಯ ತಪಸ್ಸಿದೆ. ಮಗನ ಚಿತ್ರಗಳಲ್ಲಿ ದಕ್ಷಿಣದೇಶದ ಬಿಸಿಲೂ, ಹೊಲದ ಹೆಣ್ಣುಮಕ್ಕಳ ಕೆಂಪು ಹಳದಿಗಳೂ ಇವೆ. ತಂದೆಯಿಂದ ಎಷ್ಟನ್ನು ತೆಗೆದುಕೊಂಡನು, ಎಲ್ಲಿ ತನ್ನ ದಾರಿ ಹಿಡಿದನು ಎಂಬುದನ್ನು ಯಾರ ವ್ಯಾಖ್ಯಾನವೂ ಇಲ್ಲದೆ ಕಣ್ಣೇ ಹೇಳುತ್ತದೆ. ಆದರೆ ಅವರ ಎಲ್ಲ ಆಸ್ತಿಯೂ ಇಷ್ಟು ಸುಲಭವಾಗಿ ದಡ ಸೇರಲಿಲ್ಲ. ೧೯೯೩ರಲ್ಲಿ ಅವರೂ ೧೯೯೪ರಲ್ಲಿ ದೇವಿಕಾರಾಣಿಯವರೂ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ತಾತಗುಣಿಯ ಎಸ್ಟೇಟು ವ್ಯಾಜ್ಯಕ್ಕೆ ಸಿಕ್ಕಿತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ರಾಜ್ಯಸರ್ಕಾರ ೧೯೯೬ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಾಯಿದೆ ಸಿಂಧುವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟುದು ೨೦೧೧ರಲ್ಲಿ.

ಎರಡನೆಯ ನಿದರ್ಶನ ಪಿ. ಆರ್. ತಿಪ್ಪೇಸ್ವಾಮಿಯವರದು. ಚಿತ್ರದುರ್ಗದ ಸೀಮೆಯವರು, ೧೯೨೨ರಲ್ಲಿ ಹುಟ್ಟಿದರು. ನಿಸರ್ಗದೃಶ್ಯಗಳನ್ನು ಬರೆಯುವುದರಲ್ಲಿ ನಿಪುಣರು. ಅವರು ಹಳ್ಳಿ ಹಳ್ಳಿ ತಿರುಗಿ ತೊಗಲುಗೊಂಬೆ, ಮರದ ಗೊಂಬೆ, ವೇಷಭೂಷಣ, ದೀಪ, ಅಳತೆಯ ಸೇರುಪಾವುಗಳವರೆಗೆ ಜನಪದರ ವಸ್ತುಗಳನ್ನು ಶೇಖರಿಸುವ ಕೆಲಸಕ್ಕೆ ಇಳಿದರು. ಜೀ. ಶಂ. ಪರಮಶಿವಯ್ಯನವರೇ ಮೊದಲಾದ ವಿದ್ವಾಂಸರ ಜೊತೆಗೂಡಿ ಅವರು ದುಡಿದುದರ ಫಲವನ್ನು ಇಂದು ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ, ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಗಿ ನೋಡುತ್ತೇವೆ. ಚಿತ್ರಕಾರನ ಕಣ್ಣಿಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದುವು. ರೋರಿಕರ ಮತ್ತು ತಿಪ್ಪೇಸ್ವಾಮಿಯವರ ವಿಷಯದಲ್ಲಿ ಸಂಗ್ರಹ ಉಳಿದುದಕ್ಕೆ ಕಾರಣವೊಂದೇ: ಅವರು ಬದುಕಿದ್ದಾಗಲೇ ಅದನ್ನು ಒಂದು ಸಂಸ್ಥೆಯ ಕೈಗೆ ಒಪ್ಪಿಸಿದರು.

ಇಂಥ ಪ್ರದರ್ಶನಗಳ ಮೇಲೆ ಎರಡು ಆಕ್ಷೇಪಗಳನ್ನು ಕೇಳುತ್ತೇವೆ. ಹಳಬರ ಪಕ್ಕದಲ್ಲಿ ತನ್ನದನ್ನಿಟ್ಟು ಚಿತ್ರಕಾರನು ತನ್ನ ಬೆಲೆಯನ್ನು ಏರಿಸಿಕೊಳ್ಳುತ್ತಾನೆಂಬುದು ಒಂದು. ನಮ್ಮ ಅನುಭವ ಇದಕ್ಕೆ ವಿರುದ್ಧ. ಒಂದೇ ಗೋಡೆಯನ್ನು ನೋಡಿದವನು ಹೊಗಳಿಯಾನು. ಎರಡನ್ನೂ ನೋಡಿದವನು ತೂಗಿಯೇ ತೂಗುತ್ತಾನೆ. ಆ ಮೇಷ್ಟ್ರ ಚಿತ್ರಗಳಲ್ಲಿ ಕೆಲವು ಎದುರು ಗೋಡೆಯ ಮುಂದೆ ಸಪ್ಪೆಯಾಗಿಯೇ ಕಂಡುವು; ಅದನ್ನು ಅವರೂ ಬಲ್ಲರು. ತನ್ನ ಕೊರತೆ ತೋರುವ ಜಾಗದಲ್ಲಿ ತಾನೇ ಹೋಗಿ ನಿಲ್ಲುವುದಕ್ಕೆ ಎದೆ ಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಊರಿನ ಸೊತ್ತನ್ನು, ಗುಡಿಯ ಸೊತ್ತನ್ನು, ಬಡವರ ಮನೆಯ ಸೊತ್ತನ್ನು ಒಬ್ಬನು ತನ್ನ ಮನೆಯಲ್ಲಿ ಕೂಡಿಹಾಕುವುದು ಸರಿಯೇ? ಗುಡಿಯ ವಿಗ್ರಹವನ್ನು ಕದ್ದು ತಂದುದನ್ನು ಕೊಂಡವನು ಸಂಗ್ರಾಹಕನಲ್ಲ, ಕಳ್ಳನ ಪಾಲುಗಾರ. ಈ ವಿಷಯದಲ್ಲಿ ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ ಸ್ಪಷ್ಟವಾಗಿದೆ. ನೂರು ವರ್ಷಕ್ಕೆ ಮೇಲ್ಪಟ್ಟ ಶಿಲ್ಪಗಳನ್ನೂ ಚಿತ್ರಗಳನ್ನೂ ಇಟ್ಟುಕೊಂಡವರು ಅವುಗಳನ್ನು ನೋಂದಾಯಿಸಬೇಕು. ದೇಶದ ಹೊರಕ್ಕೆ ಖಾಸಗಿಯವರು ಸಾಗಿಸಕೂಡದು. ಆದ್ದರಿಂದ ಪ್ರತಿಯೊಂದು ವಸ್ತುವೂ ಎಲ್ಲಿಂದ, ಯಾರಿಂದ, ಹೇಗೆ ಬಂದಿತೆಂಬುದನ್ನು ಪ್ರದರ್ಶನದಲ್ಲಿ ಬರೆದು ಹಾಕತಕ್ಕದ್ದು. ಪಾತ್ರೆ ವ್ಯಾಪಾರಿಯಿಂದ ಕೊಂಡದ್ದೆಂದು ಮೇಷ್ಟ್ರು ಬರೆದಿದ್ದ ಚೀಟಿಯಿಂದಲೇ ಅಲ್ಲವೇ ನಾವು ನಮ್ಮ ಪಟದ ದಾರಿಯನ್ನು ಅರಿತದ್ದು?

ಹಾಸನದ ಸೀಮೆಗೆ ಇದೆಲ್ಲ ವಿಶೇಷವಾಗಿ ಏಕೆ ಬೇಕು ಎಂದು ಕೇಳಬಹುದು. ಕಲ್ಲಿನ ಕೆಲಸಕ್ಕೆ ಈ ಸೀಮೆ ಹೆಸರುವಾಸಿ. ಬೇಲೂರು, ಹಳೇಬೀಡುಗಳನ್ನು ಬಣ್ಣಿಸಬೇಕಾಗಿಲ್ಲ. ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ನುಗ್ಗೇಹಳ್ಳಿಯಲ್ಲಿ, ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಇಬ್ಬರ ಕೆಲಸವನ್ನೂ ಒಂದೇ ಗುಡಿಯ ಗೋಡೆಗಳಲ್ಲಿ ಹೋಲಿಸಿ ನೋಡಬಹುದು. ಎರಡು ಕೈಗಳನ್ನು ಎದುರುಬದುರಾಗಿಟ್ಟು ನೋಡುವ ಸಂಪ್ರದಾಯ ನಮಗೆ ಹೊಸದಲ್ಲವೆಂದಾಯಿತು. ಕಲ್ಲನ್ನು ಹೊತ್ತುಕೊಂಡು ಹೋಗುವುದು ಕಷ್ಟ. ಅದಕ್ಕೆ ಕಾವಲೂ ಇದೆ. ಹಳೇಬೀಡಿನಲ್ಲಿ ಶಿಲ್ಪಗಳ ಸಂಗ್ರಹಾಲಯವೂ ಇದೆ.

ಬಣ್ಣದ ಕೆಲಸಕ್ಕೆ ಈ ಭಾಗ್ಯವಿಲ್ಲ. ಶ್ರವಣಬೆಳಗೊಳದ ಜೈನಮಠದ ಗೋಡೆಗಳಲ್ಲಿ ತೀರ್ಥಂಕರರ ಚರಿತ್ರೆಯ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವೂ ಇದೆ. ಅದು ಗೋಡೆಯಲ್ಲಿದ್ದುದರಿಂದ ಉಳಿಯಿತು. ಮನೆಗಳಲ್ಲಿದ್ದ ಪಟಗಳು, ಗಂಜೀಫದ ಎಲೆಗಳು, ಪಂಚಾಂಗದ ಚಿತ್ರಗಳು ವರ್ಷ ವರ್ಷವೂ ಗುಜರಿಗೆ ಹೋಗುತ್ತಿವೆ. ಮೈಸೂರು ಸಂಪ್ರದಾಯದ ಪಟವೊಂದನ್ನು ಬರೆಯುವುದು ಸಣ್ಣ ಕೆಲಸವಲ್ಲ. ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಲಿನಿಂದ ರೇಖೆ ಎಳೆದು, ಬಣ್ಣ ತುಂಬಿ, ಆಭರಣಗಳಿಗೆ ಮಕ್ಕಿಸಫೇದದಿಂದ ನವುರಾದ ಉಬ್ಬು ಕೊಟ್ಟು, ಅದರ ಮೇಲೆ ಚಿನ್ನದ ತೆಳು ರೇಕನ್ನು ಅಂಟಿಸುತ್ತಿದ್ದರು. ತಂಜಾವೂರಿನ ಪಟಗಳಲ್ಲಿರುವಷ್ಟು ಉಬ್ಬು ಇಲ್ಲಿಲ್ಲ. ಇಲ್ಲಿಯ ಪ್ರತಿಷ್ಠೆಯೆಲ್ಲ ರೇಖೆಯ ನಯದಲ್ಲಿ. ಆ ನಯವನ್ನು ಅಚ್ಚಿನ ಪುಸ್ತಕದಿಂದ ಕಲಿಯುವಂತಿಲ್ಲ. ಪಟದ ಮುಂದೆ ಕುಳಿತು ಕಲಿಯಬೇಕು. ಹಾಸನದ ಹುಡುಗನೊಬ್ಬನು ಅದಕ್ಕಾಗಿ ಮೈಸೂರಿನವರೆಗೆ ಹೋಗಬೇಕಾದರೆ, ನೂರರಲ್ಲಿ ಒಬ್ಬನು ಹೋದಾನು. ಮಿಕ್ಕವರಿಗೆ ಊರಿನ ಡ್ರಾಯಿಂಗ್ ಮೇಷ್ಟ್ರ ಗೋಡೆಯೇ ವಸ್ತುಸಂಗ್ರಹಾಲಯ.

ಈ ಸಂದರ್ಭದಲ್ಲಿ ಅ. ನ. ಕೃಷ್ಣರಾಯರನ್ನು ನೆನೆಯುವುದು ಉಚಿತ. ಅವರು ೧೯೦೮ರಲ್ಲಿ ಹುಟ್ಟಿದುದು ಕೋಲಾರದಲ್ಲಿಯಾದರೂ, ಅವರ ಹೆಸರಿನ ಮೊದಲನೆಯ ಅಕ್ಷರ ಅರಕಲಗೂಡಿನದು. ಸಂಗೀತಗಾರನ ಬಾಳನ್ನು ಹೇಗೋ ಹಾಗೆ ಚಿತ್ರಕಾರನ ಬಾಳನ್ನೂ ಕಾದಂಬರಿಗೆ ವಸ್ತುಮಾಡಿ ‘ಉದಯರಾಗ’ವನ್ನು ಬರೆದು, ಕನ್ನಡದ ಸಾಮಾನ್ಯ ಓದುಗನಿಗೆ ಚಿತ್ರಕಾರನು ಮರ್ಯಾದಸ್ಥನಾದ ಮನುಷ್ಯನೆಂದು ತಿಳಿಸಿದವರು ಅವರು. ಪುಸ್ತಕದಲ್ಲಿ ಅವರು ಮಾಡಿದುದನ್ನು ಊರಿನ ಗೋಡೆಗಳ ಮೇಲೆ ಮಾಡುವ ಹೊಣೆ ನಮ್ಮದು.

ಅದನ್ನು ಮಾಡುವ ಬಗೆ ಕಷ್ಟವಾದುದಲ್ಲ. ಈ ನಾಲ್ಕು ಊರುಗಳಲ್ಲಿಯೂ ಶಾಲೆಯ ಹಜಾರಗಳಿವೆ, ಛತ್ರಗಳಿವೆ. ವರ್ಷಕ್ಕೊಮ್ಮೆ ಮೂರು ದಿನಗಳ ಮಟ್ಟಿಗೆ, ಊರಿನ ಚಿತ್ರಕಾರರು ತಮ್ಮವು ಹತ್ತು, ತಾವು ಕಾಪಾಡಿದುವು ಹತ್ತು, ಹೀಗೆ ತಂದು ತೋರಿಸಬಹುದು. ಮನೆಯಲ್ಲಿ ಹಳೆಯ ಪಟವಿರುವ ಗೃಹಸ್ಥರೂ ಅದನ್ನು ಆ ಮೂರು ದಿನ ಎರವಾಗಿ ಕೊಡಬಹುದು. ಪಟವಿರುವವರು ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಅದನ್ನು ಒದ್ದೆಬಟ್ಟೆಯಿಂದ ಒರಸಬಾರದು. ಮಕ್ಕಿಯ ಉಬ್ಬು ಕಳಚಿ ಬೀಳುತ್ತದೆ. ಮಳೆಗಾಲದಲ್ಲಿ ನೆನೆಯುವ ಹೊರಗೋಡೆಗೂ, ಬಿಸಿಲು ಬೀಳುವ ಕಿಟಕಿಯ ಎದುರಿಗೂ ತೂಗುಹಾಕಬಾರದು. ಹಿಂಬದಿಯ ಚೌಕಟ್ಟಿನ ಮೇಲೆ ಚೀಟಿಯೊಂದನ್ನು ಅಂಟಿಸಿ, ಯಾರ ಮನೆಯದು, ಯಾವ ಕಾಲದಿಂದ ಇದೆ, ಹಿರಿಯರು ಏನು ಹೇಳುತ್ತಿದ್ದರು ಎಂಬುದನ್ನು ಬರೆದಿಡಬೇಕು. ಒಂದು ಛಾಯಾಚಿತ್ರವನ್ನೂ ತೆಗೆದಿಡಬೇಕು. ಪಟವಿರುವ ಮನೆಯಲ್ಲಿ ಅದರ ಕಥೆ ಬಲ್ಲ ಅಜ್ಜಿಯೊಬ್ಬರಿದ್ದರೆ ನಾಳೆಗೆ ತಡಮಾಡದೆ ಕೇಳಬೇಕು. ನಾವು ಕೇಳದೆ ಹೋದೆವು.

ಚಿತ್ರಕಾರರಿಗೆ ನಮ್ಮ ವಿಜ್ಞಾಪನೆ ಇನ್ನೊಂದುಂಟು. ರೆಂಬ್ರಾಂಟನ ಪಟ್ಟಿಯನ್ನು ಬರೆದವರು ಸಾಲಗಾರರ ಪರವಾಗಿ ಬಂದ ಅಧಿಕಾರಿಗಳು. ಡೆಗಾನ ಪಟ್ಟಿಯನ್ನು ಬರೆದವರು ಹರಾಜಿನವರು. ತಮ್ಮ ಪಟ್ಟಿಯನ್ನು ತಾವೇ ಬರೆಯುವುದು ಲೇಸು. ತಮ್ಮ ಕೃತಿಗಳಿಗೊಂದು, ತಮ್ಮ ಸಂಗ್ರಹಕ್ಕೊಂದು ಲೆಕ್ಕದ ಪುಸ್ತಕ ಇಟ್ಟು, ತಮ್ಮ ತರುವಾಯ ಅವು ಯಾವ ಸಂಸ್ಥೆಗೆ ಹೋಗಬೇಕೆಂಬುದನ್ನು ಮರಣಶಾಸನದಲ್ಲಿ ನಮೂದಿಸಬೇಕು. ಸಾಧ್ಯವಾದರೆ ಎರಡನ್ನೂ ಬೇರ್ಪಡಿಸಬಾರದೆಂಬ ಷರತ್ತನ್ನೂ ಸೇರಿಸಬೇಕು. ಕೊಡುವವರಿದ್ದರೂ ಪಡೆಯುವ ಸಂಸ್ಥೆ ಬೇಕಲ್ಲವೇ ಎಂದರೆ, ಅಲ್ಲಿಯೇ ನಮ್ಮಂಥ ವಿದ್ಯಾವಂತರ ಪರೀಕ್ಷೆ. ಒಂದು ಜಿಲ್ಲೆಯ ಕಾಲೇಜುಗಳಲ್ಲಿ ಒಂದಕ್ಕಾದರೂ ಇಂಥದಕ್ಕೆಂದು ಎರಡು ಗೋಡೆಗಳನ್ನು ಬಿಟ್ಟುಕೊಡುವುದು ಆಗದ ಮಾತೇ?

ಈ ಪ್ರಶ್ನೆಯನ್ನು ನಾವು ತಮ್ಮಲ್ಲಿ ಇಡುತ್ತಿರು‌ವುದಕ್ಕೆ ಕಾರಣವಿದೆ. ಪಟವನ್ನು ಬಿಟ್ಟು ಬಂದ ಆ ದಿನ, ಬಾಗಿಲವರೆಗೆ ಬಂದ ಮೇಷ್ಟ್ರು, “ನೀವು ಬಿಟ್ಟುಹೋಗ್ತೀರಿ, ಸಂತೋಷ. ನನಗೆ ಎಪ್ಪತ್ತೆಂಟು. ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ; ಮೊಳೆ ಹೊಡೆಯುವುದಕ್ಕೂ ಮನೆಯವರನ್ನು ಕೇಳಬೇಕು. ನನ್ನ ತರುವಾಯ ಇವನ್ನು ಎಲ್ಲಿ ತೂಗುಹಾಕ್ತೀರಿ?” ಎಂದು ಕೇಳಿದರು. ನಾವು ಕಾಲೇಜಿನಲ್ಲಿ ವಿಚಾರಿಸಿ ತಿಳಿಸುವುದಾಗಿ ಹೇಳಿ ಬಂದೆವು. ವಿಚಾರಿಸಿಯೂ ಇದ್ದೇವೆ. ಜಾಗ ಒಂದಿದೆ, ಒಪ್ಪಿಗೆ ಇನ್ನೂ ಬಂದಿಲ್ಲ. ಅವರ ಲೆಕ್ಕದ ಪುಸ್ತಕವನ್ನು ಬರೆಯುವುದಕ್ಕೆಂದು ತಿಂಗಳಿಗೊಂದು ಭಾನುವಾರ ಅವರ ಮನೆಗೆ ಹೋಗುತ್ತಿದ್ದೇವೆ. ಇದುವರೆಗೆ ನಲವತ್ತೊಂದು ಬಾಬುಗಳಾಗಿವೆ. ಹದಿನೇಳನೆಯ ಬಾಬು ಹೊಳೆನರಸೀಪುರದ ಪಟ್ಟಾಭಿಷೇಕ. ಷರಾ ಎಂಬ ಕಲಮಿನಲ್ಲಿ, ಎಡಗಡೆಯ ಕೆಳಮೂಲೆಯಲ್ಲಿ ಕುಂಕುಮದ ಕಲೆ, ಮನೆಯ ಅಜ್ಜಿಯವರು ಇಟ್ಟದ್ದು, ಒರಸಕೂಡದು ಎಂದು ಬರೆದಿದ್ದೇವೆ.

ತಮ್ಮ ಊರುಗಳಲ್ಲಿಯೂ ಇಂಥ ಮೇಷ್ಟ್ರುಗಳಿದ್ದಾರೆ. ಅವರ ಮನೆಯ ಬಾಗಿಲನ್ನು ಒಮ್ಮೆ ತಟ್ಟಿರೆಂದು ಕೇಳಿಕೊಂಡು ಈ ಭಾಷಣವನ್ನು ಮುಗಿಸುತ್ತೇವೆ.